ಮಹಾವೀರನ ಜೀಪಿನೊಳಗಿನ ಸದ್ದು

ಶೇಡಬಾಳದ ಸಮ್ಮೇದ ಜೀಪು ತಂದು ಅಂಗಳದಲ್ಲಿ ನಿಲ್ಲಿಸಿದಾಗ ಧರೆಪ್ಪ ಅದಕ್ಕೆ ಬೆನ್ನು ಮಾಡಿ ಕೂತು, ಔಷಧ ಹೊಡೆಯುವ ಪಂಪಿನ ವಾಷರ್ ಬದಲಿಸುತ್ತಿದ್ದ. ಗಾಡಿ ಬಂದದ್ದು ಅವನಿಗೆ ಗೊತ್ತಾದದ್ದು ಅದರ ನೆರಳು ತನ್ನ ಕೈಮೇಲೆ ಬಿದ್ದಾಗ. ಬೆಚ್ಚಿ ತಿರುಗಿ ನೋಡಿದ. ಹಸಿರು ಬಣ್ಣದ ಹಳೆಯ ಡೀಸೆಲ್ ಜೀಪು. ಬಾನೆಟ್ಟಿನ ಎಡಬದಿಗೆ ಅದೇ ಹಳೆಯ ತಗ್ಗು, ಎದುರಿನ ಗಾಜಿನ ಮೇಲಂಚಿಗೆ ಮಾಸಿದ ಅಕ್ಷರಗಳಲ್ಲಿ ಸಮ್ಮೇದನ ಅಪ್ಪ ಮಹಾವೀರನ ಹೆಸರು.

"ಎಷ್ಟ ಸಲ ಹಾರ್ನ್ ಹೊಡದ್ನಿರಿ ಕಾಕಾ! ಕೆಲಸದಾಗ ಮುಳಗೇಬಿಟ್ಟೀರಿ," ಎಂದು ಸಮ್ಮೇದ ನಗುತ್ತ ಇಳಿದು ಬಂದು ಕಾಲು ಮುಟ್ಟಿದ.

"ಹೌದಪ್ಪ, ಕೆಲಸದಾಗ ಇದ್ನಿ," ಎಂದ ಧರೆಪ್ಪ.

ಧರೆಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ಆಯುಷ್ಯ ಸವೆಸಿ, ನಿವೃತ್ತನಾಗಿ ರಾಯಬಾಗದ ಅಂಚಿಗೆ ಮನೆ ಮಾಡಿಕೊಂಡಿದ್ದ. ಓಣಿಯವರು ಪಂಪು, ಮೋಟಾರು, ಕೆಟ್ಟ ಸೈಕಲ್ಲು ತಂದು ಅವನ ಮುಂದೆ ಇಟ್ಟು ಹೋಗುತ್ತಿದ್ದರು. ಗಾಡಿ ಮಾತ್ರ ಯಾರಾದರೂ ತಂದರೆ ಏನಾದರೊಂದು ನೆಪ ಹೇಳಿ ಕಳಿಸಿಬಿಡುತ್ತಿದ್ದ. ಬೆನ್ನು ನೋವು ಅನ್ನುತ್ತಿದ್ದ, ನಟ್ಟು ಬಿಚ್ಚುವ ಪಾನಾಗಳೆಲ್ಲ ಡಿಪೋದಲ್ಲೇ ಉಳಿದವು ಅನ್ನುತ್ತಿದ್ದ. ಆದರೆ ಈ ಜೀಪಿನ ಮುಂದೆ ನಿಂತು ನೆಪ ಹೇಳಲು ಅವನ ನಾಲಗೆ ಏಳಲಿಲ್ಲ.

"ಏನಾಗೇತಿ ಇದಕ್ಕ?"

"ಟಕ್ ಟಕ್ ಅಂತೈತ್ರಿ. ಮಳಿಗಾಲ ಮುಗದಾಗಿಂದ ಚಾಲೂ ಆಗೇತಿ. ಕಾಗವಾಡದಾಗ ಒಬ್ಬಾಂವ ಟ್ಯಾಪೆಟ್ ಅಂದ. ಇನ್ನೊಂದ ಕಡೆ ತೋರಿಸಿದ್ರ, ಇಂಜಿನ್ ಪೂರಾ ಬಿಚ್ಚಬೇಕು, ಇಲ್ಲಂದ್ರ ಬ್ಯಾರೆ ಇಂಜಿನ್ನ ಕುಂಡ್ರಸ್ರಿ ಅಂದ್ರು. ಅವ್ವ ಅದಕ್ಕ ಒಪ್ಪವಲ್ಲಳು."

"ತಾರಾ ವೈನಿ ಏನಂತಾರ?"

"ಅನಂತಪುರಕ್ಕ ಹೋಗಬೇಕ ಅಂತಾಳ್ರಿ. ಶ್ರೇಣಿಕ ಮಾಮಾಗ ಲಕವಾ ಹೊಡದ ಒಂದ ಮಗ್ಗಲಾ ಬಿದ್ದೈತಲ್ರಿ, ತಮ್ಮನ್ನ ನೋಡಬೇಕ ಅಂತ ಒಂದ ಹಟ. ಕಾರಿನ್ಯಾಗ ಬಾ ಅಂದ್ರ ಬ್ಯಾಡ. ನಾ ತವರಮನಿಗೆ ಯಾವತ್ತೂ ಜೀಪಿನ್ಯಾಗ ಹೋದಾಕಿ, ಈಗೂ ಜೀಪಿನ್ಯಾಗ ಹೋಗತೇನಿ ಅಂತಾಳ. ಆತು ಅಂತ ಹತ್ತಿಸಿ ಕುಂಡ್ರಿಸಿ ಚಾಲೂ ಮಾಡಿದ್ರ, ಇದು ನಿಮ್ಮಪ್ಪನ ಗಾಡಿ ಸಪ್ಪಳ ಅಲ್ಲ, ಯಾರದೋ ಗಾಡಿ ಅಂದು ಇಳದ ಒಳಗ ಹೋದ್ಲು. ಅಪ್ಪ ಹೋಗಿ ಎಷ್ಟ ವರ್ಷ ಆತು, ಇಷ್ಟ ಸಿಟ್ಟ ಬಂದದ್ದ ನೋಡಿದ್ದಿಲ್ಲ."

ಸಮ್ಮೇದ ಮತ್ತೆ ಹತ್ತಿ ಇಂಜಿನ್ನು ಚಾಲೂ ಮಾಡಿದ. ಧರೆಪ್ಪ ಬಾನೆಟ್ ಎತ್ತಿ ಬಗ್ಗಿದ. ಅವನ ಕಿವಿಗೆ ಬಿದ್ದದ್ದು ಒಂದು ಗುಂಯ್ ಎನ್ನುವ ಭಾರವಾದ ಮೊರೆತ ಮಾತ್ರ. ಸಮ್ಮೇದ ಸ್ಟೀರಿಂಗಿನ ಹಿಂದಿನಿಂದ ಏನೋ ಹೇಳಿದ. ತುಟಿ ಆಡಿದ್ದು ಕಂಡಿತು, ಕೈ ಆಡಿಸಿದ್ದೂ ಕಂಡಿತು. ಧರೆಪ್ಪ ಎಲ್ಲ ಕೇಳಿಸಿಕೊಂಡವನ ಹಾಗೆ ತಲೆಯಾಡಿಸಿದ.

"ಬಿಟ್ಟ ಹೋಗು," ಎಂದ. "ಆದಮ್ಯಾಲ ಫೋನ್ ಮಾಡಸ್ತೇನಿ."

ಮಾಳಿಗೆಗೆ ಬಟ್ಟೆ ಒಣಹಾಕಲು ಹೊರಟಿದ್ದ ಅವನ ಹೆಂಡತಿ ಸುಂದ್ರವ್ವ ಬಾಗಿಲಲ್ಲೇ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಸಮ್ಮೇದನಿಗೆ ಚಹಾ ಕೊಟ್ಟು, ಅವನ ತಾಯಿ ತಾರಾಬಾಯಿಗೆಂದು ಒಂದು ಚೀಲ ಹಸಿ ಕಡಲೆ ಕಟ್ಟಿಕೊಟ್ಟು, ಕುಡಚಿಯ ಬಸ್ಸಿಗೆ ಕಳಿಸಿದಳು.

ಅವತ್ತು ಮಧ್ಯಾಹ್ನ ಧರೆಪ್ಪ ಜೀಪಿನ ಸುತ್ತ ಸುಮ್ಮನೆ ಓಡಾಡಿದ. ಇದನ್ನು ಸಾಂಗಲಿಯ ಒಂದು ಸರಕಾರಿ ಹರಾಜಿನಲ್ಲಿ ಹಿಡಿದು ತಂದವರು ಅವನೂ ಮಹಾವೀರನೂ. ಆಗ ಧರೆಪ್ಪ ಡಿಪೋಗೆ ಹೊಸಬ. ಶೇಡಬಾಳದ ರೈಲು ಗೇಟಿನ ಹತ್ತಿರ ಬಸ್ಸೊಂದು ಕೆಟ್ಟು ನಿಂತಿತ್ತು. ರಿಪೇರಿಗೆ ಹೋದವನಿಗೆ ಬಿಸಿಲಲ್ಲಿ ಮಜ್ಜಿಗೆ ತಂದುಕೊಟ್ಟು, ಕೆಲಸ ಮುಗಿಯುವ ತನಕ ಪಕ್ಕದಲ್ಲೇ ಕೂತು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದವನು ಮಹಾವೀರ. ದ್ರಾಕ್ಷಿ ತೋಟದ ಸಾಹುಕಾರ, ಧರೆಪ್ಪನಿಗಿಂತ ಹಿರಿಯ, ಆದರೆ ಯಂತ್ರ ಕಂಡರೆ ಮಗುವಿನ ಹಾಗೆ. ಜೀಪು ತೆಗೆದುಕೊಳ್ಳುತ್ತೇನೆ, ನೀನು ಬಂದು ನೋಡಿ ಹೂಂ ಅಂದರೆ ಮಾತ್ರ ಅಂದಿದ್ದ. ಇಬ್ಬರೂ ರೈಲಿನಲ್ಲಿ ಹೋಗಿ, ಬರುವಾಗ ಜೀಪಿನಲ್ಲಿ ಬಂದರು. ದಾರಿಯಲ್ಲಿ ಅದು ನಿಂತ ಕಡೆಗಳಿಗೆ ಲೆಕ್ಕವಿರಲಿಲ್ಲ. ಪ್ರತಿಸಲ ನಿಂತಾಗಲೂ ಮಹಾವೀರ ಇಳಿದು, ಅದರ ಬಾನೆಟ್ಟು ತಟ್ಟಿ, "ಏನಪಾ, ಶೇಡಬಾಳ ಪಸಂದ ಇಲ್ಲೇನ ನಿನಗ?" ಎಂದು ಕೇಳಿ ತಾನೇ ನಗುತ್ತಿದ್ದ. ಆಮೇಲೆ ರವಿವಾರ ಬಂತೆಂದರೆ ಧರೆಪ್ಪ ಶೇಡಬಾಳದಲ್ಲೇ. ಆ ಜೀಪಿನ ಒಂದೊಂದು ನಟ್ಟೂ ಅವನ ಬೆರಳಿಗೆ ಗುರುತು.

ಧರೆಪ್ಪನ ಮದುವೆಯ ದಿಬ್ಬಣ ಬಂದದ್ದೂ ಅದೇ ಜೀಪಿನಲ್ಲಿ. ಹೆಣ್ಣಿನ ಊರು ದಿಗ್ಗೇವಾಡಿ. ಮದುವೆ ಮುಗಿಸಿ ರಾಯಬಾಗಕ್ಕೆ ಹೊರಟಾಗ ಮಹಾವೀರನೇ ಸ್ಟೀರಿಂಗು ಹಿಡಿದಿದ್ದ. ಮುಂದೆ ಮದುಮಗ, ಹಿಂದೆ ಪಾತ್ರೆಪಗಡ, ಟ್ರಂಕು, ಅವುಗಳ ನಡುವೆ ಹಣೆಗೆ ಬಾಸಿಂಗದ ದಂಡಿ ಕಟ್ಟಿಕೊಂಡು ಮುದುಡಿ ಕೂತ ಸುಂದ್ರವ್ವ.

ಮಾರನೆಯ ದಿನ ಅವನು ಕೆಲಸಕ್ಕೆ ಕೂತ. ಟಕ್ ಟಕ್ ಅಂದರೆ ಮೊದಲು ಕೈ ಹೋಗುವುದು ಟ್ಯಾಪೆಟ್ಟಿಗೆ. ಇಂಜಿನ್ನಿನ ಮೇಲಿನ ಮುಚ್ಚಳ ತೆಗೆದರೆ ಸಾಲಾಗಿ ಕಾಣುವ, ತಲೆ ಎತ್ತಿ ತಲೆ ತಗ್ಗಿಸುವ ಆ ಸಣ್ಣ ಉಕ್ಕಿನ ಕೈಗಳ ನಡುವೆ ಕೂದಲೆಳೆಯಷ್ಟು ಜಾಗವಿರಬೇಕು, ಹೆಚ್ಚಾದರೆ ಬಡಿಯುತ್ತವೆ. ಆ ಜಾಗವನ್ನು ಅಳೆಯುವ ತೆಳು ಉಕ್ಕಿನ ಪಟ್ಟಿಗಳನ್ನು ಒರೆಸಿ, ಒಂದೊಂದನ್ನೇ ತೂರಿಸಿ, ಸಡಿಲಾದ ಕಡೆ ಬಿಗಿದು, ಬಿಗಿಯಾದ ಕಡೆ ಸಡಿಲಿಸಿ ಕೂರಿಸಿದ. ಬೆರಳುಗಳು ಏನನ್ನೂ ಮರೆತಿರಲಿಲ್ಲ. ಎರಡು ಕಡೆ ನಿಜವಾಗಿಯೂ ಸಡಿಲಾಗಿತ್ತು. ಅವನ ಮನಸ್ಸಿಗೆ ಗೆಲುವಾಯಿತು. ಮುಚ್ಚಳ ಹಾಕಿ, ಚಾಲೂ ಮಾಡಿ, ಅಂಗೈಯನ್ನು ಅದರ ಮೇಲಿಟ್ಟು ನೋಡಿದ. ನಡುಕ ಸಮವಾಗಿತ್ತು. ಆಯಿತು ಅಂದುಕೊಂಡ.

"ಸಮ್ಮೇದಗ ಫೋನ್ ಹಚ್ಚು," ಎಂದ ಹೆಂಡತಿಗೆ.

"ನೀವ ಮಾತಾಡ್ರಲ್ಲ."

"ನನ್ನ ಕೈ ಎಣ್ಣ್ಯಾಗ ಐತಿ."

ಸಮ್ಮೇದ ಮರುದಿನ ಬೆಳಗ್ಗೆ ಬಂದ. ಚಳಿ ಇನ್ನೂ ಇಳಿದಿರಲಿಲ್ಲ. ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ರಸ್ತೆಯಲ್ಲಿ ಸಾಲುಗಟ್ಟಿದ್ದವು. ಖುಷಿಯಿಂದಲೇ ಹತ್ತಿ ಕೀಲಿ ತಿರುಗಿಸಿದ. ಧರೆಪ್ಪ ಅವನ ಮುಖವನ್ನೇ ನೋಡುತ್ತಿದ್ದ. ಮುಖದ ಮೇಲಿನ ನಗು ಮೆಲ್ಲಗೆ ಆರಿತು. ಸಮ್ಮೇದ ಸ್ವಲ್ಪ ಹೊತ್ತು ಆಕ್ಸಿಲರೇಟರ್ ಒತ್ತಿ, ಬಿಟ್ಟು, ಮತ್ತೆ ಒತ್ತಿ ನೋಡಿದ. ಆಮೇಲೆ ಬಂದ್ ಮಾಡಿ, ಇಳಿದು ಬಂದು, ನೆಲ ನೋಡುತ್ತ ನಿಂತ.

"ಕಾಕಾ... ಸಪ್ಪಳ ಇನ್ನೂ ಹಂಗ ಐತ್ರಿ."

ಧರೆಪ್ಪನ ಕಿವಿಯ ತುದಿಗಳು ಬಿಸಿಯಾದವು. ಅಷ್ಟರಲ್ಲಿ ಸುಂದ್ರವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ನಾನ ತಪ್ಪ ಹೇಳೇನಪ್ಪ ಫೋನಿನ್ಯಾಗ. ಕೆಲಸ ಇನ್ನೂ ಅರ್ಧಾ ಆಗೇತಿ. ಇವರು ಆಗಾಕತ್ತೈತಿ ಅಂದ್ರು, ನಾ ಆಗೇತಿ ಅಂದ್ನಿ. ಇನ್ನ ಸ್ವಲ್ಪ ದಿನ ಬಿಟ್ಟ ಬಾ, ಆಂ? ಬಂದದ್ದ ಬಂದಿ, ಭಾಕ್ರಿ ತಿಂದ ಹೋಗು."

ಸಮ್ಮೇದ ಹೋದಮೇಲೆ ಧರೆಪ್ಪ ಜೀಪು ಹತ್ತುವ ಪಾಯದಾನದ ಮೇಲೆ ಕೂತುಬಿಟ್ಟ. ಸುಂದ್ರವ್ವ ಬಂದು ಅವನ ಎದುರಿಗೇ ಕಲ್ಲಿನ ಮೇಲೆ ಕೂತಳು.

"ನಂಗ ಕೇಳಸೂದಿಲ್ಲ ಸುಂದ್ರಿ," ಎಂದ ಅವನು.

"ಗೊತ್ತೈತಿ."

"ಯಾವಾಗಿಂದ ಗೊತ್ತೈತಿ?"

"ನೀವು ಡಿಪೋದಾಗ ಇದ್ದಾಗಿಂದ." ಅವಳು ಹುಲ್ಲುಕಡ್ಡಿಯೊಂದನ್ನು ಮುರಿಯುತ್ತ ಹೇಳಿದಳು. "ನೀಲಮಾ ನಿಪ್ಪಾಣಿಯಿಂದ ಫೋನ್ ಮಾಡಿದ್ರ, ಅವ್ವಗ ಕೊಡತೇನಿ ಅಂತ ತಟ್ಟನ ನನ್ನ ಕೈಯಾಗ ಇಡತಿದ್ರಿ. ಮಗಳ ಮ್ಯಾಲ ಅಷ್ಟ ಜೀವಾ ಇಟ್ಟಾವ್ರು ಯಾಕ ಮಾತಾಡವಲ್ರು ಅಂತ ವಿಚಾರ ಮಾಡಿದ್ನಿ. ಆಮ್ಯಾಲ ಹಾಲಿನಾಂವ ಕೂಗಿದ್ದು, ಬಾಗಲಾ ಬಡದದ್ದು... ಅದಕ್ಕ ನಾ ಎದುರಿಗೆ ಬಂದ ನಿಂತ ಮಾತಾಡಾಕ ಹತ್ತಿದ್ನಿ. ನೀವು ನನ್ನ ಬಾಯಿ ನೋಡ್ತೀರಿ ಅಂತ ನಂಗ ಗೊತ್ತಿತ್ತು."

ಧರೆಪ್ಪ ತಲೆ ತಗ್ಗಿಸಿದ. ಹೆಂಡತಿ ಈಚೆಗೆ ಯಾಕೆ ಒಳಮನೆಯಿಂದ ಕೂಗದೆ ಪ್ರತಿಯೊಂದಕ್ಕೂ ಹೊರಗೆ ಬಂದು ಮುಖಕ್ಕೆ ಮುಖ ಕೊಟ್ಟು ಹೇಳುತ್ತಾಳೆ ಎಂಬುದನ್ನು ಅವನು ಒಮ್ಮೆಯೂ ಯೋಚಿಸಿರಲಿಲ್ಲ. ವಯಸ್ಸಾದ ಮೇಲೆ ಮಮತೆ ಹೆಚ್ಚಾಗಿದೆ ಅಂದುಕೊಂಡಿದ್ದ.

"ಮತ್ತ ಹೇಳಲಿಲ್ಲ ಯಾಕ?"

"ನೀವ ಹೇಳಲಿ ಅಂತ."

ಡಿಪೋದ ಕೊನೆಯ ವರ್ಷಗಳಲ್ಲಿ ತಾನು ಹೇಗೆ ಕೆಲಸ ತೂಗಿಸಿದೆ ಎಂಬುದನ್ನು ಅವನು ಮೊದಲ ಸಲ ಅವಳಿಗೆ ಹೇಳಿದ. ದಿನವಿಡೀ ಇಂಜಿನ್ನುಗಳ ಆರ್ಭಟದ ನಡುವೆ ಮೊದಲು ಹೋದದ್ದು ಸಣ್ಣ ಸದ್ದುಗಳು, ಗಡಿಯಾರದ್ದು, ಹಲ್ಲಿಯದ್ದು. ಆಮೇಲೆ ಮಕ್ಕಳ ಮಾತು. ಕೈ ಇಟ್ಟು, ನಡುಕ ನೋಡಿ, ಹೊಗೆ ನೋಡಿ ದೋಷ ಹಿಡಿಯುತ್ತಿದ್ದ. ಆದರೆ ಈ ಟಕ್ ಟಕ್ ಕೈಗೆ ಸಿಗುತ್ತಿಲ್ಲ.

"ಇಷ್ಟ ಮಾಡಿಕೊಡಾಕ ಆಗವಲ್ತಲ್ಲ ಅಂತ ಸಂಕಟ ಆಗತೈತಿ. ಮಹಾವೀರಣ್ಣನ ಗಾಡಿ ಇದು."

ಸುಂದ್ರವ್ವ ಎದ್ದು ನಿಂತು ಸೆರಗು ಸಿಕ್ಕಿಸಿದಳು. "ನಂಗ ಕೇಳಸ್ತೈತಲ್ಲ. ಎಲ್ಲಿ ಕಿವಿ ಇಡಬೇಕು ಅದನ್ನ ನೀವ ಹೇಳ್ರಿ. ನಾ ಕೇಳಿ ಹೇಳತೇನಿ."

ಅವನು ನಕ್ಕ. ಅವಳು ನಗಲಿಲ್ಲ.

ಮರುದಿನ ಬೆಳಗ್ಗೆ, ಇಂಜಿನ್ನು ತಣ್ಣಗಿದ್ದಾಗಲೇ ಇಬ್ಬರೂ ಸುರು ಮಾಡಿದರು. ಧರೆಪ್ಪ ನೀರಿನ ಪೈಪಿನ ಒಂದು ತುಂಡು ಕತ್ತರಿಸಿ ಒಂದು ತುದಿಯನ್ನು ಅವಳ ಕೈಗೆ ಕೊಟ್ಟ. "ಇದನ್ನ ಕಿವಿಗೆ ಹಚ್ಚಿಕೋ. ಇನ್ನೊಂದ ತುದಿ ನಾ ಹಿಡದ ತಿರಗಸ್ತೇನಿ. ಎಲ್ಲಿ ಜೋರ ಕೇಳಸ್ತೈತಿ ಅಲ್ಲಿ ಕೈ ಎತ್ತು. ಫ್ಯಾನ್ ಕಡೆ ಸೆರಗ ಹೋಗದಂಗ ನೋಡಕೋ."

ಜೀಪು ಚಾಲೂ ಆಯಿತು. ಸುಂದ್ರವ್ವ ತಲೆ ಓರೆ ಮಾಡಿ, ಕಣ್ಣು ಮುಚ್ಚಿ ನಿಂತಳು. ರೊಟ್ಟಿ ಬೇಯಿಸುವಾಗ, ಹೊಲಿಗೆ ಹಾಕುವಾಗ ಕಾಣುವ ಅದೇ ಗಮನ ಅವಳ ಹುಬ್ಬಿನ ನಡುವೆ ಬಂದು ಕೂತಿತು. ಧರೆಪ್ಪ ಪೈಪಿನ ತುದಿಯನ್ನು ಇಂಜಿನ್ನಿನ ಮೇಲೆ ಆಡಿಸಿದ. ಮೇಲಿನ ಮುಚ್ಚಳದ ಮೇಲೆ ಇಟ್ಟಾಗ ಅವಳು ಅಡ್ಡಡ್ಡ ತಲೆಯಾಡಿಸಿದಳು. ಮುಂದೆ ಬೆಲ್ಟಿನ ಹತ್ತಿರ ಹಿಡಿದಾಗಲೂ ಇಲ್ಲ. ಡೀಸೆಲ್ ಪಂಪಿನ ಹತ್ತಿರ ಸ್ವಲ್ಪ ತಡೆದು, ಆಮೇಲೆ ಇಲ್ಲವೆಂದಳು. ಇದ್ದಕ್ಕಿದ್ದಂತೆ ಪೈಪನ್ನು ಕಿವಿಯಿಂದ ತೆಗೆದು, "ಹಾಲ ಉಕ್ಕತೈತಿ, ನಿಲ್ರಿ," ಎಂದು ಒಳಗೆ ಓಡಿದಳು.

ಅವಳು ಚಹಾ ಸೋಸಿಕೊಂಡು ಬರುವ ತನಕ ಇಂಜಿನ್ನು ಓಡುತ್ತಲೇ ಇತ್ತು. ಕಪ್ಪು ಅವನ ಕೈಗಿಟ್ಟು, ಮತ್ತೆ ಪೈಪು ಹಚ್ಚಿಕೊಂಡಳು. ಮುಖದಲ್ಲಿ ಗೊಂದಲ ಕಂಡಿತು. ಅವನ ಎದುರಿಗೆ ಬಂದು ನಿಂತು ಹೇಳಿದಳು:

"ಈಗ ಇಲ್ಲ."

"ಇಲ್ಲ ಅಂದ್ರ?"

"ಸಪ್ಪಳ ಕಡಿಮಿ ಆಗೇತಿ. ಹೋದಂಗ ಆಗೇತಿ. ಅವತ್ತ ಸಮ್ಮೇದನೂ ಅದನ್ನ ಹೇಳಿದ್ನಲ್ರಿ, ಗಾಡಿ ಕಾದಮ್ಯಾಲ ಕಡಿಮಿ ಆಗತೈತಿ ಅಂತ."

ಧರೆಪ್ಪ ಅವಳನ್ನೇ ನೋಡಿದ. ಸ್ಟೀರಿಂಗಿನ ಹಿಂದೆ ಆಡಿದ ಆ ತುಟಿಗಳು, ಆಡಿಸಿದ ಆ ಕೈ! ತಾನು ಜಾಣನ ಹಾಗೆ ತಲೆಯಾಡಿಸಿ ದಾಟಿಸಿಬಿಟ್ಟ ಮಾತು ಅದೇ ಆಗಿತ್ತು. ಟ್ಯಾಪೆಟ್ ಸಡಿಲಾಗಿದ್ದರೆ ಗಾಡಿ ಕಾದರೂ ಬಡಿಯುತ್ತದೆ. ಬೇರಿಂಗು ಹೋಗಿದ್ದರೆ ಕಾದಷ್ಟೂ ಜೋರಾಗುತ್ತದೆ. ತಣ್ಣಗಿದ್ದಾಗ ಕೂಗಿ, ಕಾದಮೇಲೆ ಬಾಯಿ ಮುಚ್ಚುವುದೆಂದರೆ ಕಬ್ಬಿಣ ಹಿಗ್ಗಿ ಎಲ್ಲೋ ಒಂದು ಸಂದಿಯನ್ನು ಮುಚ್ಚಿಕೊಳ್ಳುತ್ತಿದೆ.

"ಸುಂದ್ರಿ, ಆ ಸಪ್ಪಳ ಹೆಂಗಿತ್ತು? ಸುತಗಿ ಬಡದಂಗೋ, ಏನ ಹೆಂಗ?"

ಅವಳು ಯೋಚಿಸಿದಳು. "ಬಡದಂಗ ಅಲ್ಲ. ದೂರಿಂದ ಕೇಳಿದ್ರ ಟಕ್ ಟಕ್. ಸಮೀಪ ಹೋದ್ರ ಅದರಾಗ ಗಾಳಿ ಐತಿ. ಕುಕ್ಕರಿನ ರಬ್ಬರ್ ಹಳೇದಾದ್ರ ಸೀಟಿ ಹೊಡಿಯೂದ ಬಿಟ್ಟ ಬಾಜೂಲೆ ಉಸರ ಬಿಡತೈತಲ್ರಿ, ಪುಸುಕ್ ಪುಸುಕ್ ಅಂತ... ಹಂಗ. ಆದ್ರ ಲಗೂ ಲಗೂ."

ಧರೆಪ್ಪ ಚಹಾದ ಕಪ್ಪನ್ನು ಬಾನೆಟ್ಟಿನ ಅಂಚಿನ ಮೇಲಿಟ್ಟು ಜೋರಾಗಿ ನಕ್ಕುಬಿಟ್ಟ. ಆ ನಗೆಗೆ ಗೋಡೆಯಾಚೆಯ ಮನೆಯವರು ಇಣುಕಿ ನೋಡಿದರು. "ಪ್ಯಾಕಿಂಗು! ಲೇ ಸುಂದ್ರಿ, ಪ್ಯಾಕಿಂಗು! ನಿನ್ನ ಕುಕ್ಕರಿಗೂ ಅದ, ಇದಕ್ಕೂ ಅದ!"

ಇಂಜಿನ್ನಿನ ಬದಿಗೆ ಸುಟ್ಟ ಹೊಗೆಯನ್ನು ಸೈಲೆನ್ಸರಿಗೆ ಒಯ್ಯುವ ದಪ್ಪ ಕಬ್ಬಿಣದ ಕೊಳವೆಯಿದೆ. ಅದಕ್ಕೂ ಇಂಜಿನ್ನಿಗೂ ನಡುವೆ ಒಂದು ಪ್ಯಾಕಿಂಗು. ಅದು ಹೋದರೆ ಒಂದೊಂದು ಉರಿಗೂ ಹೊಗೆ ಸಂದಿಯಿಂದ ಚಿಮ್ಮಿ ಟಕ್ ಅನ್ನುತ್ತದೆ. ಇಬ್ಬರೂ ಜೀಪು ಪೂರ್ತಿ ಆರುವ ತನಕ ಕಾದರು. ಸಂಜೆಯ ಬಿಸಿಲು ಇನ್ನೂ ಇರುವಾಗ ಮತ್ತೆ ಚಾಲೂ ಮಾಡಿದರು. ಈ ಸಲ ಅವನು ಪೈಪಿನ ತುದಿಯನ್ನು ಆ ಕೊಳವೆಯ ಉದ್ದಕ್ಕೂ ನಡೆಸಿದ. ಕಟ್ಟಕಡೆಯಲ್ಲಿ, ಕ್ಯಾಬಿನ್ನಿನ ತಗಡಿನ ಹತ್ತಿರ, ಕಣ್ಣಿಗೆ ಕಾಣದ ಮೂಲೆಗೆ ಹೋದಾಗ ಸುಂದ್ರವ್ವ ಪೈಪನ್ನು ಕಿವಿಯಿಂದ ಕಿತ್ತು, "ಅಯ್ಯಯ್ಯ!" ಎಂದು ಹಿಂದೆ ಸರಿದಳು. ಕೈ ಎತ್ತುವುದನ್ನೂ ಮರೆತಿದ್ದಳು. ಧರೆಪ್ಪ ಅಂಗೈ ಒದ್ದೆ ಮಾಡಿಕೊಂಡು ಅಲ್ಲಿಗೆ ಹಿಡಿದ. ಪುಟ್ಟ ಪುಟ್ಟ ಬಿಸಿ ಉಸಿರು ಅಂಗೈಗೆ ತಾಗಿತು. ಕನ್ನಡಿ ಹಿಡಿದು ನೋಡಿದರೆ ಮಸಿಯ ಕಪ್ಪು ಗೆರೆ. ಕೊಳವೆಯನ್ನು ಬಿಗಿಯುವ ಕಡೆಯ ಬೋಲ್ಟು ಮುರಿದು ಹೋಗಿತ್ತು.

ಮುಂದಿನದು ಅವನ ಕೆಲಸ. ಕೊಳವೆ ಬಿಚ್ಚಿದ. ಮುರಿದ ಬೋಲ್ಟಿನ ತುಣುಕು ಒಳಗೇ ಕೂತಿತ್ತು. ಅದಕ್ಕೆ ಸೀಮೆಎಣ್ಣೆ ಉಣಿಸಿ, ಓಣಿಯ ವೆಲ್ಡಿಂಗ್ ಬಾಳಾಸಾಬನನ್ನು ಕರೆಸಿ, ತುದಿಗೆ ಒಂದು ನಟ್ಟು ಬೆಸೆಸಿ, ಬೆಣ್ಣೆ ತೆಗೆದ ಹಾಗೆ ಮೆಲ್ಲಗೆ ತಿರುಗಿಸಿ ಹೊರಗೆ ತೆಗೆದ. ಹೊಸ ಬೋಲ್ಟು, ಹೊಸ ಪ್ಯಾಕಿಂಗು ಚಿಕ್ಕೋಡಿಯಿಂದ ಬಂದವು. ಒಂದೊಂದೇ ನಟ್ಟನ್ನು ಸ್ವಲ್ಪಸ್ವಲ್ಪ ಬಿಗಿಯುತ್ತ, ನಡುವಿನಿಂದ ಅಂಚಿಗೆ ಹೋಗಿ, ಮತ್ತೆ ನಡುವಿಗೆ ಬಂದು ಕೂರಿಸಿದ.

ಮರುದಿನ ಬೆಳಗಿನ ಚಳಿಯಲ್ಲಿ ಕೀಲಿ ತಿರುಗಿಸಿದವನು ತಕ್ಷಣ ಹೆಂಡತಿಗಾಗಿ ತಿರುಗಿ ನೋಡಿದ. ಅವಳು ಪೈಪು ಹಿಡಿದಿರಲಿಲ್ಲ. ಜೀಪಿನ ಹಿಂದೆ ಹೋಗಿ, ಹಿಂಬಾಗಿಲಿನ ತಗಡಿನ ಮೇಲೆ ಕೈಯಿಟ್ಟು ನಿಂತಿದ್ದಳು.

"ಹೇಳ ಲೇ! ಐತೋ ಹೋಗೇತೋ?"

ಅವಳು ಎದುರಿಗೆ ಬಂದಳು. ಕಣ್ಣು ಒದ್ದೆಯಾಗಿದ್ದವು.

"ಹೋಗೇತಿ. ಅವತ್ತಿನ ಸಪ್ಪಳ ಬಂದೈತಿ."

"ಯಾವತ್ತಿನದು?"

"ಲಗ್ನದ್ದು. ನೀವ ಮುಂದ ಕುಂತಿದ್ರಿ, ನಿಮಗೇನ ಗೊತ್ತು." ಅವಳು ಮೂಗು ಒರೆಸಿಕೊಂಡಳು. "ನಾ ಹಿಂದ ಟ್ರಂಕಿನ ಬಾಜೂಕ. ತಾಡಪತ್ರಿ ಎತ್ತಿದ್ರ ಬರೇ ದಾರಿ, ಧೂಳಿ. ನಮ್ಮ ಊರ ಸಣ್ಣದಾಗಕೋತ ಹೋತು. ಗದ್ದಲಾ ಮಾಡಿ ಅಳಬೇಕ ಅನಸ್ತಿತ್ತು, ನಿಮಗ ಕೇಳಸ್ತೈತಿ ಅಂತ ಅಂಜಿಕಿ. ಆಗ ಮಹಾವೀರಣ್ಣ ಗೇರ್ ಬದಲಿಸಿ ಇಂಜಿನ್ ಜೋರ ಮಾಡಿದ್ರು. ಸುಮ್ಮಸುಮ್ಮನ, ಸಪಾಟ ರಸ್ತಾದಾಗ. ಆ ಸಪ್ಪಳದಾಗ ನಾ ಮನಸಾರೆ ಅತ್ನಿ. ಅತ್ತ ಮುಗಿಯೂತನ ಅವರು ಜೋರ ಇಟ್ಟಿದ್ರು. ಬೇಕಂತ ಮಾಡಿದ್ರೋ ಏನೋ, ಯಾರಿಗ ಗೊತ್ತು. ನಾ ಕೇಳಲಿಲ್ಲ."

ಧರೆಪ್ಪನಿಗೆ ಅವತ್ತು ಮುಂದಿನ ಸೀಟಿನಲ್ಲಿ ಮಹಾವೀರ ಕನ್ನಡಿಯಲ್ಲಿ ಹಿಂದೆ ಒಮ್ಮೆ ನೋಡಿ, ಮತ್ತೆ ರಸ್ತೆ ನೋಡಿ, ಇದ್ದಕ್ಕಿದ್ದಂತೆ ಗೇರು ಇಳಿಸಿದ್ದು ನೆನಪಾಯಿತು. "ಯಾಕಣ್ಣಾ?" ಎಂದು ತಾನು ಕೇಳಿದ್ದೂ, "ಇಂಜಿನ್ ಸ್ವಚ್ಛ ಆಗಲಿ ತಡಿ," ಎಂದು ಅವನು ಹೇಳಿದ್ದೂ ನೆನಪಾಯಿತು. ಅವನು ಹೆಂಡತಿಗೆ ಅದನ್ನು ಹೇಳಿದ. ಅವಳು ಜೀಪಿನ ತಗಡನ್ನು ಸೆರಗಿನಿಂದ ಒರೆಸಿದಳು, ಅಲ್ಲಿ ಧೂಳೇನೂ ಇರಲಿಲ್ಲ.

ಅನಂತಪುರಕ್ಕೆ ಹೊರಟ ದಿನ ಗಂಡಹೆಂಡತಿ ಇಬ್ಬರೂ ಬರಲೇಬೇಕೆಂದು ಸಮ್ಮೇದ ಹಟ ಹಿಡಿದ. ಶೇಡಬಾಳದ ಮನೆಯ ಮುಂದೆ ಜೀಪು ನಿಂತಾಗ ತಾರಾಬಾಯಿ ಕಟ್ಟೆಯ ಮೇಲೆ ಬಂದು ನಿಂತಿದ್ದಳು. ಬಿಳಿ ಸೀರೆ, ಕೈಯಲ್ಲಿ ತಮ್ಮನಿಗೆಂದು ಮಾಡಿದ ಉಂಡೆಯ ಡಬ್ಬಿ. ಹತ್ತಿರ ಬರಲಿಲ್ಲ. ನಿಂತಲ್ಲೇ ಇಂಜಿನ್ನಿನ ಸಪ್ಪಳ ಕೇಳಿಸಿಕೊಂಡಳು. ಆಮೇಲೆ ಇಳಿದು ಬಂದು, ಹಿಡಿದುಕೊಳ್ಳಲೆಂದು ಸೊಸೆ ಚಾಚಿದ ಕೈಯನ್ನು ಬಿಟ್ಟು, ತಾನೇ ಮುಂದಿನ ಸೀಟಿಗೆ ಹತ್ತಿ ಕೂತಳು.

"ಬರ್ರೆಲ್ಲ, ಲಗೂ ಹತ್ತರಿ. ಹೊತ್ತ ಮುಳಗೂದ್ರಾಗ ಅಲ್ಲಿ ಊಟಾ ಆಗಬೇಕು, ಕತ್ತಲಾದಮ್ಯಾಲ ನಾವ ಉಣ್ಣಾವ್ರಲ್ಲ," ಎಂದಳು.

ಕಾಗವಾಡ ದಾಟಿದ ಮೇಲೆ ತಾರಾಬಾಯಿಯ ಮಾತಿನ ಕಟ್ಟೆ ಒಡೆಯಿತು. ಇಲ್ಲಿ ಪಂಕ್ಚರ್ ಆಗಿತ್ತು, ಇಲ್ಲಿ ದ್ರಾಕ್ಷಿಯ ಪೆಟ್ಟಿಗೆ ಉರುಳಿ ಬಿದ್ದು ಊರ ಹುಡುಗರೆಲ್ಲ ಓಡಿಬಂದಿದ್ದರು, ಹೊಳೆ ಉಕ್ಕಿ ನೀರು ಮನೆಯೊಳಗೆ ನುಗ್ಗಿದ ವರ್ಷ ಇದೇ ಜೀಪಿನಲ್ಲಿ ದಿಗ್ಗೇವಾಡಿಯಿಂದ ಸುಂದ್ರವ್ವನ ತಾಯಿಯನ್ನೂ ಅವಳ ಆಡುಗಳನ್ನೂ ಕರೆತಂದಾಗ ಒಂದು ಆಡು ಮಹಾವೀರನ ಟೋಪಿ ತಿಂದಿತ್ತು. ಹಿಂದಿನ ಸೀಟಿನಲ್ಲಿ ಸುಂದ್ರವ್ವ ಅದೆಲ್ಲವನ್ನೂ ಗಂಡನ ಕಿವಿಗೆ ಬಾಯಿಯಿಟ್ಟು ಹೇಳುತ್ತಿದ್ದಳು. ಟೋಪಿಯ ಮಾತಿಗೆ ಎಲ್ಲರೂ ನಕ್ಕು ಮುಗಿಸಿದ ಮೇಲೆ ಧರೆಪ್ಪ ಒಬ್ಬನೇ ನಕ್ಕ. ಅದನ್ನು ನೋಡಿ ತಾರಾಬಾಯಿ ತಿರುಗಿ ಸುಂದ್ರವ್ವನ ಮುಖ ನೋಡಿದಳು. ಸುಂದ್ರವ್ವ ತನ್ನ ಕಿವಿ ಮುಟ್ಟಿ ತೋರಿಸಿದಳು. ಅಲ್ಲಿಂದ ಮುಂದೆ ತಾರಾಬಾಯಿಯೇ ಗಂಟಲು ಎತ್ತರಿಸಿ, ಅರ್ಧ ಹಿಂದಕ್ಕೆ ತಿರುಗಿ ಕೂತು ಮಾತಾಡಿದಳು.

ಅನಂತಪುರದಲ್ಲಿ ಶ್ರೇಣಿಕನ ಮನೆ ಊರ ಹೊರಗೆ, ತೋಟದಲ್ಲಿ. ಹೊಲದ ದಾರಿಗೆ ಜೀಪು ಇಳಿದು, ಬಾವಿ ಸುತ್ತಿ, ಮನೆಯ ಮುಂದೆ ಬರುವಷ್ಟರಲ್ಲಿ ಅವನ ಸೊಸೆ ಅಂಗಳಕ್ಕೆ ಓಡಿ ಬಂದಿದ್ದಳು. ಅವಳ ಮುಖದಲ್ಲಿ ಗಾಬರಿಯೂ ಅಚ್ಚರಿಯೂ ಕಾಣುತ್ತಿತ್ತು. ಅಂಗಳದಲ್ಲಿ ಕುರ್ಚಿಯ ಮೇಲೆ, ಒಂದು ಮಗ್ಗುಲು ಸೋತು, ಶಾಲು ಹೊದ್ದು ಶ್ರೇಣಿಕ ಕೂತಿದ್ದ. ಲಕವಾ ಹೊಡೆದ ಮೇಲೆ ಅವನ ಮಾತು ಒಂದೆರಡು ಶಬ್ದಕ್ಕೆ ಬಂದು ನಿಂತಿತ್ತು. ಈಗ ಅವನು ನೆಟ್ಟಗಿದ್ದ ಕೈಯನ್ನು ದಾರಿಯ ಕಡೆಗೆ ಚಾಚಿ ಏನೋ ಕೂಗುತ್ತಿದ್ದ.

ಧರೆಪ್ಪನಿಗೆ ಬಾಯಿ ತೆರೆದದ್ದು ಕಂಡಿತು, ಅಷ್ಟೆ. "ಏನಂತಾನ?" ಎಂದು ಹೆಂಡತಿಯನ್ನು ಕೇಳಿದ.

ಸುಂದ್ರವ್ವ ಆ ಸೊಸೆಯ ಮಾತನ್ನೂ ಕೇಳಿಸಿಕೊಂಡು ಅವನ ಕಿವಿಗೆ ಬಗ್ಗಿದಳು. "ದಾಜಿ ಬಂದ್ರು, ದಾಜಿ ಬಂದ್ರು ಅಂತಾನ್ರಿ. ಗಾಡಿ ಬಾವಿ ಹತ್ರ ಇದ್ದಾಗಿಂದ ಹಂಗ ಅನ್ನಾಕತ್ತಾನಂತ."

ದಾಜಿ ಎಂದರೆ ಅಕ್ಕನ ಗಂಡ. ಶ್ರೇಣಿಕ ಮಹಾವೀರನನ್ನು ಜೀವನವಿಡೀ ಹಾಗೆಯೇ ಕರೆದಿದ್ದ. ತಾರಾಬಾಯಿ ನಿಧಾನವಾಗಿ ಇಳಿದು, ತಮ್ಮನ ಹತ್ತಿರ ಹೋಗಿ, ಅವನ ಸೋತ ಕೈಯನ್ನು ಎತ್ತಿ ತನ್ನ ಎರಡೂ ಕೈಯಲ್ಲಿ ಹಿಡಿದಳು.

"ಹೌದಪಾ. ಅವರ ಗಾಡೀನ ಬಂದೈತಿ. ನಾ ಬಂದೇನಿ ನೋಡು."

ಶ್ರೇಣಿಕ ಅಕ್ಕನನ್ನು ನೋಡಿದ, ಜೀಪನ್ನು ನೋಡಿದ, ಖಾಲಿಯಾದ ಮುಂದಿನ ಸೀಟು ನೋಡಿದ. ತಿಳಿಯಿತೋ ಇಲ್ಲವೋ ಹೇಳುವಂತಿರಲಿಲ್ಲ. ಅವನ ಕಣ್ಣಿಂದ ನೀರು ಇಳಿದು ಗಡ್ಡಕ್ಕೆ ಹೋಯಿತು. ಮತ್ತೆ ಕೈ ಚಾಚಿ ಜೀಪನ್ನೇ ತೋರಿಸಿ, ಸ್ಪಷ್ಟವಾಗಿ, "ಹತ್ತಸು," ಎಂದ.

ಸಮ್ಮೇದನೂ ಧರೆಪ್ಪನೂ ಸೇರಿ ಅವನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿ, ಶಾಲಿನಿಂದ ಕಟ್ಟಿದರು. ತಾರಾಬಾಯಿ ಹಿಂದೆ ಹತ್ತಿ, ತಮ್ಮನ ಹೆಗಲ ಮೇಲೆ ಕೈಯಿಟ್ಟು ಕೂತಳು. ಜೀಪು ಜೋಳದ ಹೊಲದ ಬದಿಯ ದಾರಿ ಹಿಡಿದು ಮೆಲ್ಲಗೆ ಹೋಯಿತು.

ಅಂಗಳದಲ್ಲಿ ಗಂಡಹೆಂಡತಿ ಇಬ್ಬರೇ ಉಳಿದರು. ಒಳಗಿನಿಂದ ಬೇಳೆಯ ಒಗ್ಗರಣೆಯ ವಾಸನೆ ಬರುತ್ತಿತ್ತು. ಧರೆಪ್ಪ ಧೂಳಿನ ಗೆರೆಯನ್ನು ನೋಡುತ್ತ ನಿಂತಿದ್ದ. ಎದ್ದ ಧೂಳು ಕಟ್ಟಕಡೆಯ ಬದುವಿನ ಹತ್ತಿರ ಒಂದು ಸುತ್ತು ತಿರುಗಿ, ನಿಂತಿತು.

"ಯಾಕ ನಿಂತ್ರು? ಬಂದ್ ಬಿತ್ತೇನ?"

"ಇಲ್ರಿ, ಚಾಲೂನ ಐತಿ. ಕೇಳಸಾಕತ್ತೈತಿ. ಹೊಲಾ ತೋರಸಾಕತ್ತಾರ ಅನಸ್ತೈತಿ."

ಧರೆಪ್ಪ ಉಗುರಿನ ಸಂದಿಯಲ್ಲಿ ಉಳಿದ ಎಣ್ಣೆಯ ಕಪ್ಪನ್ನು ನೋಡಿಕೊಳ್ಳುತ್ತ ಹೇಳಿದ:

"ಸೋಮವಾರ ಚಿಕ್ಕೋಡಿಗೆ ಹೋಗೂಣು. ಡಾಕ್ಟರಗ ಕಿವಿ ತೋರಿಸಿಕೊಂಡ ಬರೂಣು."

"ಸೋಮವಾರ ಬ್ಯಾಡ, ನೀಲಮಾ ಬರತಾಳಂತ. ಮಂಗಳವಾರ ಹೋಗೂಣು," ಎಂದಳು ಸುಂದ್ರವ್ವ, ಅವನ ಎದುರಿಗೆ ಬಂದು ನಿಂತು.

"ಅಂದ್ರ ನೀಲಮಾನ್ನ ಕರಕೊಂಡ ಮೂರೂ ಮಂದಿ ಹೋಗೂಣು," ಎಂದ ಧರೆಪ್ಪ.

ಶ್ರೇಣಿಕನ ಸೊಸೆ ಬಾಗಿಲಿಗೆ ಬಂದು, ಹೊತ್ತು ಇಳಿಯುತ್ತಿದೆ, ಎಲ್ಲರನ್ನೂ ಊಟಕ್ಕೆ ಕರೆಯಿರಿ ಎಂದಳು. ಧರೆಪ್ಪ ಎರಡೂ ಕೈ ಬಾಯಿಗೆ ಹಿಡಿದು, ಹೊಲದಾಚೆಗೆ ಕೇಳುವ ಹಾಗೆ, ಸಮ್ಮೇದನ ಹೆಸರು ಕೂಗಿದ.